ಎರಡು ನಕ್ಷೆ, ಎರಡು ಗೆರೆ: ಶಿಲಾ ಫಾರ್ಮೇಶನ್‌ಗಳ ಗಡಿ ಎಲ್ಲಿದೆ, ಹೆಸರಿಡುವುದು ಹೇಗೆ?

ಪ್ರಶ್ನೆ: ನಾನು ಸಂಡೂರು ತಾಲ್ಲೂಕಿನವಳು, ಬಳ್ಳಾರಿಯ ಪದವಿ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಮಳೆಗಾಲ ಮುಗಿದ ಮೇಲೆ ವಿದ್ಯಾರ್ಥಿಗಳನ್ನು ನಮ್ಮೂರ ಹತ್ತಿರದ ಗುಡ್ಡಸಾಲಿಗೆ ಕರೆದೊಯ್ಯುವುದು ರೂಢಿ. ನನ್ನ ಬಳಿ ಎರಡು ಭೂವೈಜ್ಞಾನಿಕ ನಕ್ಷೆಗಳಿವೆ. ಹಳೆಯದರಲ್ಲಿ ಫಿಲೈಟ್ (ಕೆಸರು ಗಟ್ಟಿಯಾಗಿ ರೂಪಾಂತರಗೊಂಡ ಹಾಳೆಹಾಳೆಯ ಕಲ್ಲು) ಮತ್ತು ಪಟ್ಟೆ ಕಬ್ಬಿಣ ಶಿಲೆಯ (ಕಬ್ಬಿಣ, ಸಿಲಿಕಾ ಪಟ್ಟೆಪಟ್ಟೆಯಾಗಿರುವ ಕಲ್ಲು) ನಡುವಿನ ಗಡಿ ಗುಡ್ಡದ ಬುಡದಲ್ಲಿದೆ. ಹೊಸದರಲ್ಲಿ ಅದೇ ಗಡಿ ಸುಮಾರು 250 ಮೀಟರ್ ಸರಿದು ಇಳಿಜಾರಿನ ನಡುವೆ ಇದೆ. ಮೊಬೈಲಿನ ಜಿಪಿಎಸ್ ನೋಡಿಕೊಂಡು ಎರಡೂ ಜಾಗದಲ್ಲಿ ನಿಂತರೆ ಕಾಲಡಿ ಕಾಣುವುದು ಕೆಂಪು ಉರುಳುಗಲ್ಲು ಮಾತ್ರ. ಶಿಲಾ ಘಟಕಗಳ, ಅಂದರೆ ಫಾರ್ಮೇಶನ್‌ಗಳ, ಹೆಸರುಗಳೂ ಎರಡು ನಕ್ಷೆಗಳಲ್ಲಿ ಬೇರೆ ಬೇರೆ. ಯಾವುದನ್ನು ಸರಿ ಎಂದು ಕಲಿಸಲಿ? ಗಡಿ ಎಂಬುದು ನಿಜವಾಗಿಯೂ ನೆಲದಲ್ಲಿದೆಯೇ, ಅಥವಾ ಕಾಗದದ ಮೇಲಷ್ಟೇ ಇದೆಯೇ? ನಮ್ಮೂರ ಗುಡ್ಡದ ಪದರಗಳಿಗೆ ನಮ್ಮೂರ ಹೆಸರಿಡಲು ಸಾಧ್ಯವೇ?

ಉತ್ತರ: ತಮ್ಮ ಪತ್ರದ ಹಿಂದಿರುವ ಆತಂಕ ನನಗೆ ಅರ್ಥವಾಗುತ್ತದೆ. ಮಕ್ಕಳ ಮುಂದೆ ನಿಂತು ‘ಗಡಿ ಇಲ್ಲಿದೆ’ ಎಂದು ಕೈ ತೋರಿಸಬೇಕಾದವರಿಗೆ ಎರಡು ಮುದ್ರಿತ ನಕ್ಷೆಗಳು ಎರಡು ಮಾತು ಹೇಳಿದರೆ, ಒಂದು ತಪ್ಪಿರಬೇಕು ಅಥವಾ ಈ ವಿದ್ಯೆಯೇ ನಂಬಲರ್ಹವಲ್ಲ ಎಂಬ ಅನುಮಾನ ಸಹಜವಾಗಿ ಬರುತ್ತದೆ. ಆ ಎರಡು ಅನುಮಾನಗಳೂ ನಿಜವಲ್ಲ. ಕಲ್ಲು ಬದಲಾಗುವುದು ನಿಜ, ಅದು ನೆಲದಲ್ಲಿಯೇ ಇದೆ. ಆದರೆ ಆ ಬದಲಾವಣೆಯ ಯಾವ ಹಂತದಲ್ಲಿ ಗೆರೆ ಎಳೆಯಬೇಕೆಂಬುದು ಮನುಷ್ಯನ ತೀರ್ಮಾನ. ಆ ತೀರ್ಮಾನಕ್ಕೆ ಆಧಾರವೇನೆಂದು ನಕ್ಷೆ ಮಾಡಿದವರು ಬರೆದಿಟ್ಟಿದ್ದರೆ ಎರಡು ನಕ್ಷೆಗಳೂ ಉಪಯುಕ್ತ. ಬರೆದಿಡದಿದ್ದರೆ ಎರಡೂ ಅರೆಬರೆ. ಹೀಗಾಗಿ ‘ಯಾವುದು ಸರಿ’ ಎಂದು ಕೇಳುವ ಮೊದಲು ‘ಯಾರು ಯಾವುದನ್ನು ಗಡಿ ಎಂದು ಕರೆದರು’ ಎಂದು ಕೇಳಬೇಕಾಗುತ್ತದೆ.

ಮೊದಲು 250 ಮೀಟರಿನ ಲೆಕ್ಕವನ್ನು ನೋಡೋಣ, ಏಕೆಂದರೆ ಅದರಲ್ಲಿ ಒಂದು ಪಾಲು ಕಲ್ಲಿಗೆ ಸಂಬಂಧಪಟ್ಟದ್ದೇ ಅಲ್ಲ. 1:50,000 ಪ್ರಮಾಣದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆ ನೆಲದ ಮೇಲೆ 25 ಮೀಟರ್ ಅಗಲವನ್ನು ಮುಚ್ಚುತ್ತದೆ. 1:2,50,000 ಪ್ರಮಾಣದಲ್ಲಿ ಅದೇ ಗೆರೆ 125 ಮೀಟರ್. ಅದಕ್ಕಿಂತ ಹೆಚ್ಚಾಗಿ, ನಮ್ಮ ಹಳೆಯ ಟೋಪೋ ಶೀಟುಗಳು ಎವರೆಸ್ಟ್ ಗೋಳಾಕೃತಿ ಎಂಬ, ಭೂಮಿಯ ಆಕಾರದ ಹಳೆಯ ಲೆಕ್ಕವನ್ನು ಆಧರಿಸಿದವು, ಮೊಬೈಲಿನ ಜಿಪಿಎಸ್ ತೋರಿಸುವುದು ಡಬ್ಲ್ಯೂಜಿಎಸ್ 84 ಪದ್ಧತಿಯ ಅಕ್ಷಾಂಶ ರೇಖಾಂಶಗಳನ್ನು. ಹಳೆಯ ಹಾಳೆಯ ಅಂಕಿಗಳನ್ನು ಪರಿವರ್ತಿಸದೆ ನೇರವಾಗಿ ಮೊಬೈಲಿಗೆ ಹಾಕಿದರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ದೂರ ಸರಿದು ನಿಂತಿರುತ್ತೇವೆ. ತಾವು ಹಳೆಯ ಗಡಿಯ ಮೇಲೆ ನಿಂತಿದ್ದೇನೆ ಎಂದುಕೊಂಡ ಜಾಗ ಆ ನಕ್ಷೆಗಾರ ಗುರುತಿಸಿದ ಜಾಗವೇ ಆಗಿರಲಿಕ್ಕಿಲ್ಲ. ದೇವಸ್ಥಾನ, ಹಳ್ಳದ ತಿರುವು, ಕೆರೆಯ ಏರಿ ಮುಂತಾದ ಬದಲಾಗದ ಗುರುತುಗಳಿಂದ ಅಳೆದು ನೋಡಿ. ಉಳಿಯುವ ವ್ಯತ್ಯಾಸವಷ್ಟೇ ಭೂವಿಜ್ಞಾನಿಗಳ ನಡುವಿನ ಭಿನ್ನಾಭಿಪ್ರಾಯ.

ಆ ಭಿನ್ನಾಭಿಪ್ರಾಯ ಏಕೆ ಹುಟ್ಟುತ್ತದೆ? ಗಡಿಗಳೆಲ್ಲ ಒಂದೇ ಜಾತಿಯವಲ್ಲ. ಬಳ್ಳಾರಿಗೆ ಕೂಗಳತೆಯಲ್ಲಿರುವ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳನ್ನು ನೆನಪಿಸಿಕೊಳ್ಳಿ. ಅಲ್ಲಿ ಬೂದು ಬಣ್ಣದ ಗ್ರಾನೈಟನ್ನು ಸೀಳಿಕೊಂಡು ಕಪ್ಪು ಡಾಲರೈಟ್ ಡೈಕ್ (ಬಿರುಕಿನಲ್ಲಿ ನುಗ್ಗಿ ಗಟ್ಟಿಯಾದ ಶಿಲೆಯ ಗೋಡೆ) ಹಾದುಹೋಗಿದೆ. ಆ ಗಡಿಯ ಮೇಲೆ ಒಂದು ಅಂಗೈ ಇಟ್ಟರೆ ಬೆರಳು ಕಪ್ಪು ಕಲ್ಲಿನ ಮೇಲೆ, ಮಣಿಕಟ್ಟು ಗ್ರಾನೈಟಿನ ಮೇಲೆ ಇರುತ್ತದೆ. ನವಶಿಲಾಯುಗದ ಜನ ಕೊಡಲಿ ಮಾಡಲು ಆ ಡಾಲರೈಟನ್ನೇ ಆರಿಸಿ ಒಡೆದರು, ಬಡಿದರೆ ನಾದ ಕೊಡುವ ಬಂಡೆಗಳೂ ಅದೇ ಡೈಕಿನವು. ಅಂದರೆ ಆ ಗಡಿಯನ್ನು ಗುರುತಿಸಲು ಅವರಿಗೆ ಯಾವ ನಕ್ಷೆಯೂ ಬೇಕಾಗಿರಲಿಲ್ಲ. ಒಂದು ಶಿಲೆ ಇನ್ನೊಂದರೊಳಗೆ ನುಗ್ಗಿ ಉಂಟಾದ ಇಂಥ ಅಂತಸ್ಸರಣ ಗಡಿಗಳಲ್ಲಿ ಜಗಳ ಕಡಿಮೆ. ಯಾವುದು ಹೊಸದು ಎಂಬುದೂ ಕಲ್ಲಿನಲ್ಲಿಯೇ ಬರೆದಿರುತ್ತದೆ: ಬಿಸಿ ದ್ರವವಾಗಿ ನುಗ್ಗಿದ ಶಿಲೆ ಅಂಚಿನಲ್ಲಿ ಬೇಗ ತಣಿದು ಕಣಗಳು ಸಣ್ಣದಾಗಿರುತ್ತವೆ, ನಡುವೆ ದಪ್ಪವಾಗಿರುತ್ತವೆ. ಹಾಗೆಯೇ ಸಂಡೂರು ಶಿಸ್ಟ್ ಪಟ್ಟಿಯ (ಶಿಸ್ಟ್ ಎಂಬ ಪದರುಪದರಾದ ರೂಪಾಂತರ ಶಿಲೆಗಳ ಉದ್ದನೆಯ ಹರಹು) ಅಂಚಿನಲ್ಲಿ ಗ್ರಾನೈಟಿನೊಳಗೆ ಕಪ್ಪು ಶಿಸ್ಟಿನ ಚೂರುಗಳು ಸಿಕ್ಕಿಬಿದ್ದಿರುವುದು ಕಂಡರೆ, ಆ ಗ್ರಾನೈಟು ಶಿಸ್ಟಿಗಿಂತ ಕಿರಿಯದು ಎಂಬುದರಲ್ಲಿ ಸಂದೇಹವಿಲ್ಲ. ಒಳಗೆ ಸೇರಿಕೊಂಡ ಚೂರು ಸೇರಿಸಿಕೊಂಡ ಶಿಲೆಗಿಂತ ಮೊದಲೇ ಇದ್ದಿರಬೇಕು.

ಎರಡನೆಯ ಬಗೆಯದು ಕಾಲದ ಅಂತರವನ್ನು ತೋರಿಸುವ ಗಡಿ, ಅನ್‌ಕನ್‌ಫಾರ್ಮಿಟಿ. ಕುಷ್ಟಗಿಯಿಂದ ಬಾದಾಮಿ ಕಡೆಗೆ ಹೋದರೆ ಅದು ಸಿಗುತ್ತದೆ: ಕೆಳಗೆ ಸವೆದುಹೋದ ಪುರಾತನ ಗ್ರಾನೈಟ್, ನೈಸ್ ಮತ್ತು ಶಿಸ್ಟುಗಳು, ಅವುಗಳ ಮೇಲೆ ಉರುಟುಗಲ್ಲುಗಳಿಂದ ಆರಂಭವಾಗುವ ಕಲಾದಗಿ ಪದರಗಳು. ನಡುವೆ ಎಷ್ಟೋ ಕೋಟಿ ವರ್ಷಗಳ ದಾಖಲೆಯೇ ಇಲ್ಲ. ಆ ಕಾಲದಲ್ಲಿ ನೆಲ ಸವೆಯುತ್ತಿತ್ತು. ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟಿನಲ್ಲಿ 1788ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟ್ಟನ್ ನೋಡಿದ್ದೂ ಇಂಥದ್ದೇ ಗಡಿಯನ್ನು. ಭೂಮಿಯ ವಯಸ್ಸು ಊಹೆಗೂ ಮೀರಿದ್ದು ಎಂಬ ವಾದಕ್ಕೆ ಬಲ ಬಂದದ್ದು ಅಂಥ ಜಾಗಗಳಿಂದ. ಮೂರನೆಯ ಬಗೆ ಸ್ತರಭಂಗ (ಫಾಲ್ಟ್) ಅಥವಾ ಉಜ್ಜುವಲಯದ (ಶಿಯರ್ ಝೋನ್) ಗಡಿ. ಅಲ್ಲಿ ಎರಡು ಶಿಲೆಗಳು ಪಕ್ಕಪಕ್ಕದಲ್ಲಿ ಹುಟ್ಟಿದವೇ ಅಲ್ಲ. ಜಾರಿ ಬಂದು ನೆರೆಯಾದವು. ಇಂಥ ಗಡಿಯನ್ನು ಸಹಜ ಪದರಗಳ ಗಡಿ ಎಂದು ತಿಳಿದರೆ ಯಾವುದು ಕೆಳಗಿನದು, ಯಾವುದು ಮೇಲಿನದು ಎಂಬ ಇಡೀ ವಂಶಾವಳಿಯೇ ತಲೆಕೆಳಗಾಗುತ್ತದೆ.

ತಮ್ಮ ಗುಡ್ಡದ ಸಮಸ್ಯೆ ಇವು ಮೂರರಲ್ಲಿ ಯಾವುದೂ ಇರಲಿಕ್ಕಿಲ್ಲ. ತಾವು ಬರೆದಿರುವುದನ್ನು ನೋಡಿದರೆ ಅದು ನಾಲ್ಕನೆಯ ಬಗೆಯದು, ಎಲ್ಲಕ್ಕಿಂತ ಕಷ್ಟದ್ದು: ನಿಧಾನವಾಗಿ ಬದಲಾಗುವ ಗಡಿ. ಬುಡದಲ್ಲಿ ಶುದ್ಧ ಫಿಲೈಟ್. ಮೇಲೇರಿದಂತೆ ಅದರೊಳಗೆ ಬೆರಳುದಪ್ಪದ ಒಂದು ಕಬ್ಬಿಣ ಶಿಲೆಯ ಪಟ್ಟೆ, ಮತ್ತೆ ಹತ್ತು ಹೆಜ್ಜೆ ಫಿಲೈಟ್, ಮತ್ತೆ ಎರಡು ಪಟ್ಟೆ, ಕೊನೆಗೆ ಫಿಲೈಟು ಅಪರೂಪವಾಗಿ ಎಲ್ಲೆಲ್ಲೂ ಕಬ್ಬಿಣ ಶಿಲೆ. ಸಮುದ್ರದ ತಳದಲ್ಲಿ ಕೆಸರು ಬಂದು ಬೀಳುವುದು ಕ್ರಮೇಣ ಕಡಿಮೆಯಾಗಿ ಕಬ್ಬಿಣ ಮತ್ತು ಸಿಲಿಕಾ ಶೇಖರಣೆ ಹೆಚ್ಚಿದಾಗ ಇಂಥ ಸರಣಿ ಉಂಟಾಗುತ್ತದೆ. ಇಲ್ಲಿ ಒಬ್ಬ ನಕ್ಷೆಗಾರ ‘ಮೊದಲ ಕಬ್ಬಿಣದ ಪಟ್ಟೆ ಕಂಡಲ್ಲಿಯೇ ಗಡಿ’ ಎನ್ನಬಹುದು. ಇನ್ನೊಬ್ಬರು ‘ಅರ್ಧಕ್ಕಿಂತ ಹೆಚ್ಚು ಕಬ್ಬಿಣ ಶಿಲೆಯಾದಲ್ಲಿ ಗಡಿ’ ಎನ್ನಬಹುದು. ಮೊದಲನೆಯವರ ಗೆರೆ ಗುಡ್ಡದ ಬುಡಕ್ಕೆ ಬರುತ್ತದೆ, ಎರಡನೆಯವರದು ಇಳಿಜಾರಿನ ನಡುವೆ. ಇಬ್ಬರೂ ನೋಡಿದ ಕಲ್ಲು ಒಂದೇ, ಇಬ್ಬರ ಕಣ್ಣೂ ಸರಿಯಾಗಿಯೇ ಇತ್ತು. ತಮ್ಮ ಎರಡು ನಕ್ಷೆಗಳ ನಡುವೆ ನಡೆದಿರುವುದು ಬಹುಶಃ ಇದೇ. ಆ ನಕ್ಷೆಗಳ ಜೊತೆಗಿನ ವರದಿಗಳಲ್ಲಿ ಗಡಿಯ ವ್ಯಾಖ್ಯೆ ಇದೆಯೇ ನೋಡಿ. ಗೆರೆಗಿಂತ ಆ ಒಂದು ವಾಕ್ಯಕ್ಕೆ ಬೆಲೆ ಹೆಚ್ಚು.

ಕೋರ್, ಅಂದರೆ ನೆಲ ಕೊರೆದು ತೆಗೆದ ಉದ್ದನೆಯ ಕಲ್ಲಿನ ಕೋಲು, ನೋಡುವ ಕೆಲಸದಲ್ಲಿ ನನಗೆ ಇದು ಚೆನ್ನಾಗಿ ಮನವರಿಕೆಯಾಯಿತು. ರಾಯಚೂರು ಜಿಲ್ಲೆಯ ಹಟ್ಟಿ–ಮಸ್ಕಿ ಶಿಸ್ಟ್ ಪಟ್ಟಿಯಲ್ಲಿ ಕೊರೆದು ತೆಗೆದ ಒಂದೇ ಕೋರನ್ನು ನಾವು ಮೂವರು ಬೇರೆ ಬೇರೆ ದಿನ ಕುಳಿತು ದಾಖಲಿಸಿದೆವು. ಆಂಫಿಬೊಲೈಟ್ ಎಂಬ ಗಾಢ ಹಸಿರು ಕಲ್ಲು ಎಲ್ಲಿ ಮುಗಿದು ಉಜ್ಜಿ ಬದಲಾದ ಶಿಸ್ಟ್ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಮೂವರು ಮೂರು ಆಳ ಬರೆದಿದ್ದೆವು. ಒಬ್ಬರು ಹಸಿರು ಬಣ್ಣ ಮಸುಕಾದಲ್ಲಿ ಗೆರೆ ಹಾಕಿದ್ದರು, ಒಬ್ಬರು ಬಯೊಟೈಟ್ ಎಂಬ ಕಪ್ಪು ಅಭ್ರಕ ಕಂಡಲ್ಲಿ, ನಾನು ಕಲ್ಲು ಹಾಳೆಹಾಳೆಯಾಗಿ ಬಿಡುವಲ್ಲಿ. ಪೆಟ್ಟಿಗೆಯಲ್ಲಿ ಕಣ್ಣೆದುರಿಗೇ ಇದ್ದ ಕಲ್ಲಿಗೇ ಹೀಗಾದರೆ, ಎರೆಮಣ್ಣಿನ ಕೆಳಗೆ ಮುಚ್ಚಿಹೋದ ಗಡಿಗೆ ಏನು ಹೇಳುವುದು? ಅಂದಿನಿಂದ ನಾವು ಕೋರ್ ಪುಸ್ತಕದ ಮೊದಲ ಹಾಳೆಯಲ್ಲಿಯೇ ಪ್ರತಿ ಗಡಿಯ ವ್ಯಾಖ್ಯೆ ಬರೆದು, ನಂತರವೇ ಪೆಟ್ಟಿಗೆ ತೆರೆಯುವ ಪದ್ಧತಿ ಮಾಡಿಕೊಂಡೆವು.

ಉರುಳುಗಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಪಟ್ಟೆ ಕಬ್ಬಿಣ ಶಿಲೆ ಗಟ್ಟಿ, ಫಿಲೈಟು ಮೆತು. ಗಟ್ಟಿ ಕಲ್ಲು ಒಡೆದು ಕೆಳಗುರುಳಿ ಮೆತು ಕಲ್ಲನ್ನು ಮುಚ್ಚುವುದರಿಂದ, ಸಂಡೂರಿನ ಇಳಿಜಾರುಗಳಲ್ಲಿ ಕಬ್ಬಿಣ ಶಿಲೆ ಇರುವುದಕ್ಕಿಂತ ಬಹಳ ಕೆಳಗಿನವರೆಗೆ ಇದ್ದಂತೆ ಕಾಣುತ್ತದೆ. ಇದೇ ಕೆಂಪು ಚೂರುಗಳನ್ನು ನಂಬಿ ನಾನೊಮ್ಮೆ ಗಡಿಯನ್ನು ಗುಡ್ಡದ ಬುಡದಲ್ಲಿ ಎಳೆದಿದ್ದೆ. ಮರುವರ್ಷ ಅದೇ ಇಳಿಜಾರಿನಲ್ಲಿ ರಸ್ತೆಗಾಗಿ ಮಣ್ಣು ಕಡಿದಾಗ ಆಳೆತ್ತರದ ಚೂರುಗಳ ಕೆಳಗೆ ಅಚ್ಚ ಫಿಲೈಟು ಹೊರಬಿತ್ತು. ಮಣ್ಣಿನ ಬಣ್ಣವೂ ಸುಳಿವು ಮಾತ್ರ. ಗ್ರಾನೈಟಿನ ಮೇಲೆ ಮಸಾರಿ, ಶಿಸ್ಟಿನ ಮೇಲೆ ಕಪ್ಪು ಎಂದು ನಮ್ಮ ರೈತರು ಹೇಳುವುದರಲ್ಲಿ ತಥ್ಯವಿದೆ, ಅನೇಕ ಸಲ ಅವರ ಮಾತು ನನಗೆ ದಾರಿ ತೋರಿಸಿದೆ; ಆದರೆ ಎರೆಮಣ್ಣು ಹಳ್ಳಕೊಳ್ಳಗಳಿಂದ ಕೊಚ್ಚಿಬಂದು ಗ್ರಾನೈಟಿನ ಮೇಲೂ ಕೂರುತ್ತದೆ. ಬಾವಿಯ ಗೋಡೆ, ಹಳ್ಳದ ದಂಡೆ, ರಸ್ತೆಗೆ ಕಡಿದ ಜಾಗ, ಇವು ಹೇಳುವುದನ್ನೇ ಪ್ರಮಾಣವೆಂದು ತೆಗೆದುಕೊಳ್ಳಬೇಕು.

ಜನರಲ್ಲಿ, ಕೆಲವೊಮ್ಮೆ ಪಠ್ಯಗಳಲ್ಲಿಯೂ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಬಿಡಿಸಲೇಬೇಕು: ಶಿಲೆಯ ಗಡಿ ಎಂದರೆ ಕಾಲದ ಗಡಿ ಎಂಬುದು. ಫಾರ್ಮೇಶನ್ ಎಂಬುದು ಕಲ್ಲಿನ ಗುಣದಿಂದ ಗುರುತಿಸುವ, ನಕ್ಷೆಯ ಮೇಲೆ ತೋರಿಸಬಲ್ಲ ಮೂಲ ಘಟಕ. ಅದನ್ನು ಒಡೆದರೆ ಮೆಂಬರ್, ಹಲವನ್ನು ಕೂಡಿಸಿದರೆ ಗ್ರೂಪ್, ಗ್ರೂಪುಗಳನ್ನು ಕೂಡಿಸಿದರೆ ಸೂಪರ್‌ಗ್ರೂಪ್. ಇವುಗಳಲ್ಲಿ ವಯಸ್ಸಿನ ಮಾತೇ ಇಲ್ಲ. ಕಡಲ ತೀರ ಒಳನಾಡಿನ ಕಡೆಗೆ ಸಾವಿರಾರು ವರ್ಷಗಳ ಕಾಲ ಸರಿಯುತ್ತ ಬಂದರೆ, ಅದರ ಜೊತೆಗೆ ಮರಳಿನ ಪದರವೂ ಸರಿಯುತ್ತ ಬರುತ್ತದೆ; ಒಂದೇ ಮರಳುಗಲ್ಲು ಒಂದು ತುದಿಯಲ್ಲಿ ಹಳೆಯದು, ಇನ್ನೊಂದು ತುದಿಯಲ್ಲಿ ಹೊಸದು. ಕಾಲದ ಗಡಿಗಳನ್ನು ನಿಗದಿ ಮಾಡುವ ಪದ್ಧತಿ ಬೇರೆಯೇ ಇದೆ. ಜಗತ್ತಿನ ಒಂದು ಜಾಗದ ಒಂದು ಪದರದ ಒಂದು ಬಿಂದುವನ್ನು ಆಯ್ದು, ‘ಈ ಕಾಲ ಇಲ್ಲಿಂದ ಆರಂಭ’ ಎಂದು ಅಂತರರಾಷ್ಟ್ರೀಯವಾಗಿ ಒಪ್ಪಿಕೊಳ್ಳುತ್ತಾರೆ. ಭೂವಿಜ್ಞಾನಿಗಳು ಅದನ್ನು ‘ಚಿನ್ನದ ಮೊಳೆ’ ಎನ್ನುತ್ತಾರೆ. ಮೊದಲ ಮೊಳೆ 1972ರಲ್ಲಿ ಈಗಿನ ಚೆಕ್ ದೇಶದ ಕ್ಲೋಂಕ್ ಎಂಬಲ್ಲಿ, ಸೈಲೂರಿಯನ್ ಮತ್ತು ಡೆವೋನಿಯನ್ ಕಾಲಗಳ ನಡುವೆ ಬಿತ್ತು. ನಮ್ಮ ದೇಶದಲ್ಲಿಯೂ ಒಂದಿದೆ: ಮೇಘಾಲಯದ ಮಾವ್‌ಮ್ಲುಹ್ ಗುಹೆಯ ಸುಣ್ಣದ ಶಿಲಾರಚನೆಯನ್ನು ಆಧರಿಸಿ, ಸುಮಾರು 4,200 ವರ್ಷಗಳ ಹಿಂದೆ ಆರಂಭವಾದ ‘ಮೇಘಾಲಯನ್’ ಕಾಲಘಟ್ಟವನ್ನು 2018ರಲ್ಲಿ ಅಂಗೀಕರಿಸಲಾಯಿತು.

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಲ್ಲುಗಳಿಗೆ ಇಂಥ ಮೊಳೆಯೂ ಸಿಗುವುದಿಲ್ಲ. ಆರ್ಕಿಯನ್ ಮತ್ತು ಪ್ರೊಟೆರೊಜೊಯಿಕ್ ಯುಗಗಳ ನಡುವಿನ ಗಡಿ ಒಂದು ಅಂಕಿ ಮಾತ್ರ: 250 ಕೋಟಿ ವರ್ಷ. ನಮ್ಮ ಕ್ಲೋಸ್‌ಪೇಟ್ ಗ್ರಾನೈಟಿನ ವಯಸ್ಸು ಸುಮಾರು 251 ಕೋಟಿ ವರ್ಷ ಎಂದು ಜಿರ್ಕಾನ್ ಹರಳುಗಳ ಅಳತೆಯಿಂದ ತಿಳಿದಿದೆ. ಅಂದರೆ ಅದು ಗಡಿಯ ಹೊಸ್ತಿಲಲ್ಲಿ ನಿಂತಿದೆ. ಹಾಗೆಂದು ಯಾವ ಬಂಡೆಯ ಮೇಲೂ ‘ಇಲ್ಲಿಗೆ ಆರ್ಕಿಯನ್ ಮುಗಿಯಿತು’ ಎಂದು ಗೆರೆ ಎಳೆಯಲಾಗದು. ವಿದ್ಯಾರ್ಥಿಗಳಿಗೆ ಇದನ್ನು ಸ್ಪಷ್ಟಪಡಿಸಿದರೆ ಅರ್ಧ ಗೊಂದಲ ಕಳೆಯುತ್ತದೆ.

ಇನ್ನು ಹೆಸರಿನ ಪ್ರಶ್ನೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಪ್ರದೇಶವನ್ನೆಲ್ಲ ಸುತ್ತಿ ಶಿಸ್ಟ್ ಪಟ್ಟಿಗಳಿಗೆ ಧಾರವಾಡದ ಹೆಸರು ಕೊಟ್ಟರು; ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಕುರಿತ ಅವರ ದೊಡ್ಡ ವರದಿ 1895ರಲ್ಲಿ ಬಂತು. ಆಗ ಹೆಸರಿಡುವುದಕ್ಕೆ ಬರೆದ ನಿಯಮವಿರಲಿಲ್ಲ, ಅನುಭವವೇ ನಿಯಮವಾಗಿತ್ತು. ಈಗ ಹಾಗಲ್ಲ. ಭಾರತಕ್ಕೆ 1971ರಲ್ಲಿ ಪ್ರಕಟವಾದ ಸ್ತರನಾಮಕರಣ ಸಂಹಿತೆ ಇದೆ. ಅಂತರರಾಷ್ಟ್ರೀಯ ಮಾರ್ಗದರ್ಶಿ 1976ರಲ್ಲಿ ಬಂದು 1994ರಲ್ಲಿ ಪರಿಷ್ಕೃತವಾಯಿತು. ಇವುಗಳ ಪ್ರಕಾರ ಔಪಚಾರಿಕ ಹೆಸರು ಎಂದರೆ ಒಂದು ಊರು, ಹಳ್ಳ ಅಥವಾ ಗುಡ್ಡದ ಹೆಸರು, ಅದರ ನಂತರ ಘಟಕದ ದರ್ಜೆ. ತಮ್ಮ ತಾಲ್ಲೂಕಿನಲ್ಲಿಯೇ ಯಶವಂತನಗರ, ದೇವಗಿರಿ, ದೋಣಿಮಲೈ, ತಾಳೂರು ಫಾರ್ಮೇಶನ್‌ಗಳಿವೆ. ಮ್ಯಾಂಗನೀಸ್ ಅದಿರು ದೇವಗಿರಿಯದರಲ್ಲಿ, ಕಬ್ಬಿಣದ ಅದಿರು ಮುಖ್ಯವಾಗಿ ದೋಣಿಮಲೈಯದರಲ್ಲಿ ಇದೆ. ಹಾಗೆಂದು ಅದಿರಿನ ಅಂಚು ಅಥವಾ ಗಣಿ ಗುತ್ತಿಗೆಯ ಕಲ್ಲುಗುರುತು ಫಾರ್ಮೇಶನ್ನಿನ ಗಡಿಯಾಗುವುದಿಲ್ಲ. ಅದಿರಿನ ಅಂಚು ಮಾರುಕಟ್ಟೆ ಬೆಲೆಗೆ ತಕ್ಕಂತೆ ಸರಿಯುತ್ತದೆ, ಗುತ್ತಿಗೆಯ ಅಂಚು ಕಾನೂನಿನ ಕಾಗದಕ್ಕೆ ತಕ್ಕಂತೆ. ವ್ಯಾಪಾರದ ಹೆಸರುಗಳೂ ಬೇರೆ: ಕುಷ್ಟಗಿ, ಇಳಕಲ್ಲಿನ ಕೆಂಪು ಕಲ್ಲು ನಿಜಕ್ಕೂ ಗ್ರಾನೈಟ್, ಆದರೆ ಅಂಗಡಿಯವರು ‘ಕಪ್ಪು ಗ್ರಾನೈಟ್’ ಎನ್ನುವುದು ಬಹುತೇಕ ಡಾಲರೈಟ್ ಇಲ್ಲವೇ ಗ್ಯಾಬ್ರೊ.

ಒಮ್ಮೆ ನೆಲೆಯಾದ ಹೆಸರನ್ನು ಊರಿನ ಹೆಸರು ಬದಲಾಯಿತೆಂದು ಬದಲಾಯಿಸುವಂತಿಲ್ಲ. ಕ್ಲೋಸ್‌ಪೇಟೆ ರಾಮನಗರವಾಗಿ ಎಷ್ಟೋ ಕಾಲವಾಯಿತು, ಗ್ರಾನೈಟು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟೇ. ನನಗೆ ಇದು ಸರಿಯಾದ ನಿಯಮವೆಂದು ತೋರುತ್ತದೆ. ಹಳೆಯ ವರದಿಯನ್ನು ಓದುವವರಿಗೂ ಹೊಸದನ್ನು ಓದುವವರಿಗೂ ಅದೇ ಕಲ್ಲು ಕಣ್ಣ ಮುಂದೆ ಬರಬೇಕಾದರೆ ಹೆಸರು ಅಲುಗಾಡಬಾರದು.

ಹೆಸರು ನಿಂತರೂ ಗಡಿಯ ಅರ್ಥ ಬದಲಾಗುವುದುಂಟು. ಧಾರವಾಡ ಕ್ರೇಟಾನನ್ನು (ನಮ್ಮ ಭಾಗದ ಪುರಾತನ, ಗಟ್ಟಿಯಾದ ಭೂಖಂಡದ ತುಂಡು) ಪಶ್ಚಿಮ, ಪೂರ್ವ ಎಂದು ಭಾಗ ಮಾಡುವಾಗ ಕೆಲವರು ಕ್ಲೋಸ್‌ಪೇಟ್ ಗ್ರಾನೈಟನ್ನು ಗಡಿಯೆಂದರು. ಕೆಲವರು ಚಿತ್ರದುರ್ಗ ಶಿಸ್ಟ್ ಪಟ್ಟಿಯ ಪೂರ್ವದ ಉಜ್ಜುವಲಯವನ್ನು ಗಡಿಯೆಂದರು. ಇತ್ತೀಚೆಗೆ ನಡುವೆ ಮೂರನೆಯ ಭಾಗವನ್ನೇ ಗುರುತಿಸುವವರಿದ್ದಾರೆ. ಸಂಡೂರು ಪಟ್ಟಿಯ ವಿಷಯದಲ್ಲಿಯೂ ಹಾಗೆಯೇ: ಒಂದರ ಮೇಲೊಂದು ಕುಳಿತ ಪದರಗಳೆಂದು ಮೊದಲು ವಿವರಿಸಿದ್ದನ್ನು, ಬೇರೆ ಬೇರೆ ಕಡೆ ರೂಪುಗೊಂಡು ಉಜ್ಜುವಲಯಗಳಲ್ಲಿ ಬೆಸೆದುಕೊಂಡ ತುಂಡುಗಳೆಂದು ಕೆಲವು ಸಂಶೋಧಕರು ನಂತರ ಓದಿದರು. ತಮ್ಮ ಎರಡು ನಕ್ಷೆಗಳಲ್ಲಿ ಹೆಸರು ಬೇರೆಯಾಗಿರುವುದಕ್ಕೆ ಇಂಥ ದೃಷ್ಟಿಭೇದವೇ ಕಾರಣವಿರಬಹುದು. ಆದ್ದರಿಂದ ಹೊಸ ನಕ್ಷೆಯನ್ನು ಹೊಸದೆಂಬ ಕಾರಣಕ್ಕೇ ನಂಬಬೇಡಿ.

ಈಗ ತಾವೇನು ಮಾಡಬಹುದು ಎಂಬ ವಿಷಯ. ಪ್ರಕಟವಾದ ಒಂದು ನಕ್ಷೆಯನ್ನು ಆಯ್ದುಕೊಂಡು ಅದರಂತೆ ಕಲಿಸುವುದು ಸುಲಭ, ಪರೀಕ್ಷೆಗೂ ಅನುಕೂಲ. ಅದರ ಅಪಾಯವೆಂದರೆ ಅದರಲ್ಲಿನ ತಪ್ಪು ಮುಂದಿನ ತಲೆಮಾರಿಗೆ ಹಾಗೆಯೇ ದಾಟುತ್ತದೆ. ತಮ್ಮೂರಿನ ಹೆಸರಿನಲ್ಲಿ ಹೊಸ ಫಾರ್ಮೇಶನ್ ಪ್ರಸ್ತಾಪಿಸುವುದು ಸಾಧ್ಯವೇ ಎಂದರೆ ಸಾಧ್ಯ. ಅದಕ್ಕೆ ಸರ್ಕಾರದ ಒಪ್ಪಿಗೆಯ ಮುದ್ರೆ ಬೇಕಿಲ್ಲ, ಮಾನ್ಯತೆ ಪಡೆದ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಗಬೇಕು. ಮಾದರಿ ಛೇದ (ಆ ಘಟಕಕ್ಕೆ ಮಾದರಿಯಾಗಿ ತೋರಿಸುವ ಪದರಗಳ ಜಾಗ) ಎಲ್ಲಿದೆ, ಕೆಳ ಮತ್ತು ಮೇಲಿನ ಗಡಿಗಳ ವ್ಯಾಖ್ಯೆ ಏನು, ದಪ್ಪ ಎಷ್ಟು, ಎಲ್ಲಿಯವರೆಗೆ ಹರಡಿದೆ, ನೆರೆಯ ಘಟಕಗಳೊಡನೆ ಸಂಬಂಧವೇನು, ಆ ಹೆಸರು ಮೊದಲೇ ಬಳಕೆಯಲ್ಲಿಲ್ಲವೇ ಎಂಬುದನ್ನೆಲ್ಲ ತೋರಿಸಬೇಕು. ಸತ್ಯವಾಗಿ ಹೇಳುತ್ತೇನೆ, ತಮ್ಮ ಸಂದರ್ಭದಲ್ಲಿ ನಾನು ಅದನ್ನು ಸಲಹೆ ಮಾಡುವುದಿಲ್ಲ. ಈಗಾಗಲೇ ಹೆಸರಿರುವ ಕಲ್ಲಿಗೆ ಇನ್ನೊಂದು ಹೆಸರು ಸೇರಿದರೆ ಮುಂದೆ ಬರುವವರು ಎರಡೂ ಒಂದೇ ಎಂದು ಸಾಬೀತು ಮಾಡಲು ವರ್ಷಗಟ್ಟಲೆ ಶ್ರಮಪಡಬೇಕಾಗುತ್ತದೆ. ಊರಿನ ಮೇಲಿನ ಅಭಿಮಾನಕ್ಕೆ ಬೇರೆ ದಾರಿಯಿದೆ: ‘ನಮ್ಮೂರ ಕೆಳಗಿನ ಕಬ್ಬಿಣ ಪಟ್ಟೆ’ ಎಂಬಂಥ ಅನೌಪಚಾರಿಕ ಹೆಸರನ್ನು ತರಗತಿಯ ಮಟ್ಟಿಗೆ, ಅನೌಪಚಾರಿಕವೆಂದು ಸ್ಪಷ್ಟವಾಗಿ ಬರೆದು, ಧಾರಾಳವಾಗಿ ಬಳಸಿ.

ನನಗೆ ಎಲ್ಲಕ್ಕಿಂತ ಸರಿಯೆನಿಸುವುದು ವಿದ್ಯಾರ್ಥಿಗಳಿಂದಲೇ ಗಡಿಯನ್ನು ಮರುಗುರುತಿಸುವುದು. ಪದರಗಳು ಸಾಗುವ ದಿಕ್ಕಿಗೆ ಅಡ್ಡವಾಗಿ ಹರಿಯುವ ಒಂದು ಹಳ್ಳವನ್ನು ಆರಿಸಿ. ಮಳೆ ನೀರು ಉರುಳುಗಲ್ಲನ್ನು ತೊಳೆದು ತಳದ ಕಲ್ಲನ್ನು ತೋರಿಸಿರುತ್ತದೆ. ಕೆಳಗಿನಿಂದ ಟೇಪು ಹಿಡಿದು ಹೋಗುತ್ತ ಪ್ರತಿ ಪಟ್ಟೆಯ ದಪ್ಪ ಬರೆಯಲಿ. ಗುಡ್ಡ ಹತ್ತುವ ಮೊದಲೇ ಗಡಿಯ ವ್ಯಾಖ್ಯೆ ನಿಶ್ಚಯವಾಗಿರಲಿ. ‘ಒಂದು ಮೀಟರಿಗಿಂತ ದಪ್ಪವಾದ, ಪಕ್ಕದ ಹಳ್ಳದಲ್ಲಿಯೂ ಸಿಗುವ ಮೊದಲ ಕಬ್ಬಿಣ ಶಿಲೆಯ ತಳ’ ಎಂಬುದು ನಾನು ಆಯ್ದುಕೊಳ್ಳುವ ವ್ಯಾಖ್ಯೆ, ಏಕೆಂದರೆ ಶೇಕಡಾವಾರು ಲೆಕ್ಕಕ್ಕಿಂತ ಒಂದು ಪದರವನ್ನು ಇನ್ನೊಬ್ಬರು ಹುಡುಕಿ ಪರೀಕ್ಷಿಸುವುದು ಸುಲಭ. ಇದರಲ್ಲಿಯೂ ತೊಡಕಿದೆ. ಮಡಿಚಿಕೊಂಡ ಪದರಗಳಲ್ಲಿ ಒಂದೇ ಪಟ್ಟೆ ಎರಡು ಸಲ ಎದುರಾಗಬಹುದು, ಇಡೀ ಸರಣಿ ತಲೆಕೆಳಗೂ ಆಗಿರಬಹುದು. ಹತ್ತಿರದಲ್ಲಿ ದಿಂಬುಲಾವಾ (ನೀರಿನೊಳಗೆ ಹರಿದು ದಿಂಬಿನಾಕಾರದಲ್ಲಿ ತಣಿದ ಲಾವಾ) ಇದ್ದರೆ ಅದರ ಉಬ್ಬಿದ ಬೆನ್ನು ಮೂಲತಃ ಮೇಲ್ಮುಖ, ಚೂಪಾದ ಬಾಲ ಕೆಳಮುಖ. ಗ್ರೇವ್ಯಾಕ್ ಎಂಬ ಕೆಸರುಮಿಶ್ರಿತ ಮರಳುಗಲ್ಲು ಇದ್ದರೆ ಪ್ರತಿ ಪದರದಲ್ಲಿ ದಪ್ಪ ಕಣಗಳು ತಳದಲ್ಲಿ, ಸಣ್ಣವು ಮೇಲೆ. ಇವುಗಳಿಂದ ಮೇಲು ಕೆಳಗನ್ನು ಮೊದಲು ಖಚಿತಪಡಿಸಿಕೊಳ್ಳಿ.

ನಕ್ಷೆಯಲ್ಲಿ ಕಣ್ಣಾರೆ ಕಂಡ ಗಡಿಗೆ ಅಖಂಡ ಗೆರೆ, ಊಹಿಸಿದ್ದಕ್ಕೆ ತುಂಡು ಗೆರೆ, ಮಣ್ಣಿನಡಿ ಮುಚ್ಚಿಹೋದದ್ದಕ್ಕೆ ಚುಕ್ಕೆ ಗೆರೆ ಹಾಕಿಸಿ. ವಿದ್ಯಾರ್ಥಿಯ ನಕ್ಷೆಯಲ್ಲಿ ಎಲ್ಲವೂ ಅಖಂಡ ಗೆರೆಯೇ ಆಗಿದ್ದರೆ ಅವನು ನೋಡದ್ದನ್ನೂ ನೋಡಿದೆನೆಂದು ಹೇಳುತ್ತಿದ್ದಾನೆ. ಅಂಥದ್ದಕ್ಕೆ ಅಂಕ ಕಡಿಮೆ ಕೊಡಿ, ತುಂಡು ಗೆರೆ ಎಳೆದವನಿಗೆ ಹೆಚ್ಚು ಕೊಡಿ. ಅರಣ್ಯ ಇಲಾಖೆಯ ಅನುಮತಿ, ಗಣಿ ಗುತ್ತಿಗೆಯ ಜಾಗವಾದರೆ ಅಲ್ಲಿನವರ ಲಿಖಿತ ಒಪ್ಪಿಗೆ ಇಲ್ಲದೆ ಹೋಗಬೇಡಿ, ಕಡಿದ ಗೋಡೆಯ ಬುಡದಲ್ಲಿ ಮಕ್ಕಳನ್ನು ನಿಲ್ಲಿಸಬೇಡಿ. ಸಂಗನಕಲ್ಲಿನ ಡೈಕ್ ತೋರಿಸಲು ಹೋದಾಗ ಸುತ್ತಿಗೆಯನ್ನು ಬಸ್ಸಿನಲ್ಲಿಯೇ ಬಿಡಿ. ಅಲ್ಲಿ ಒಡೆದ ಚೂರುಗಳೇ ಸಾವಿರಾರು ವರ್ಷ ಹಿಂದಿನ ಕೈಗಳ ಗುರುತು.

ಎರಡು ಹಳ್ಳಗಳಲ್ಲಿ ಅಳತೆ ಮಾಡಿದ ಮೇಲೆ, ವಿದ್ಯಾರ್ಥಿಗಳು ಬರೆದ ಪಟ್ಟಿ, ಗಡಿಯೆಂದು ಆಯ್ದ ಪದರದ ಹತ್ತಿರದ ಚಿತ್ರ, ಮತ್ತು ಎರಡೂ ನಕ್ಷೆಗಳಲ್ಲಿ ಆ ಜಾಗದ ಸುತ್ತಲಿನ ಭಾಗವನ್ನು ಕಳುಹಿಸಿಕೊಡಿ. ಯಾವ ನಕ್ಷೆಗಾರ ಯಾವ ಪದರವನ್ನು ಗಡಿ ಎಂದಿದ್ದರು ಎಂಬುದನ್ನು ಆ ಪಟ್ಟಿಯೊಡನೆ ಹೋಲಿಸಿ ಹೇಳಲು ಆಗ ಸಾಧ್ಯವಾಗುತ್ತದೆ.